ಎಂ.ಎ. ಇಂಗ್ಲಿಷಿನ ಮೌಖಿಕ ಪರೀಕ್ಷೆಗೆ ಒಂದನೆಯ ತರಗತಿಯಲ್ಲೇ ಹೆದರುವ ಹೆತ್ತವರಿಗೆ

ಗಡಿನಾಡಿನ ಹೆತ್ತವರೇ,

ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವಾಗ ನಾವು ಕೊಡುವ ಕಾರಣಗಳಲ್ಲಿ ಬಹಳ ಗೌರವಯುತವಾಗಿ ಕೇಳಿಸುವ ಕಾರಣವೊಂದಿದೆ. ಬಸ್ಸು ಮನೆಯ ಬಾಗಿಲಿಗೆ ಬರುತ್ತದೆ, ಟೈ ಕಟ್ಟಿಸುತ್ತಾರೆ, ನೆರೆಮನೆಯವರ ಮಗು ಅಲ್ಲಿಗೆ ಹೋಗುತ್ತದೆ ಎಂಬವೆಲ್ಲ ಒಳಗೊಳಗಿನ ಕಾರಣಗಳು, ಹೊರಗೆ ಆಡುವುದಲ್ಲ. ಹೊರಗೆ ಆಡುವ ಮಾತು ಇದು: "ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಗು ಮುಂದೆ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ? ಪ್ರೊಫೆಸರುಗಳ ಎದುರು ಕುಳಿತು ಇಂಗ್ಲಿಷಿನಲ್ಲಿ ವಾದಿಸುವುದು ಹೇಗೆ?"

ಈ ಭಯವನ್ನು ಅಲ್ಲಗಳೆಯುವ ಮೊದಲು ಅದರ ಅತ್ಯಂತ ಕಠಿಣವಾದ ರೂಪದಲ್ಲಿಯೇ ಪರೀಕ್ಷಿಸಿ ನೋಡೋಣ. ಎಂಜಿನಿಯರಿಂಗಿಗೆ, ನರ್ಸಿಂಗಿಗೆ, ವಾಣಿಜ್ಯಕ್ಕೆ ಬೇಕಾಗುವ ಇಂಗ್ಲಿಷು ಒಂದು ಬಗೆಯದು. ಅಲ್ಲಿ ಅಂಕಿಗಳಿವೆ, ಸೂತ್ರಗಳಿವೆ, ಚಿತ್ರಗಳಿವೆ. ಇಂಗ್ಲಿಷ್ ಎಂ.ಎ. ಮಾಡುವವನಿಗೆ ಭಾಷೆಯ ಹೊರತು ಬೇರೆ ಉಪಕರಣವೇ ಇಲ್ಲ. ಕನ್ನಡ ಮಾಧ್ಯಮವು ನಿಜವಾಗಿಯೂ ಮಗುವಿನ ಕಾಲಿಗೆ ಕಟ್ಟಿದ ಕಲ್ಲಾಗಿದ್ದರೆ, ಆ ಕಲ್ಲಿನ ಭಾರ ಎಲ್ಲಕ್ಕಿಂತ ಹೆಚ್ಚಾಗಿ ಗೊತ್ತಾಗಬೇಕಾದದ್ದು ಇಂಗ್ಲಿಷ್ ಸಾಹಿತ್ಯದ ಸಂಪ್ರಬಂಧ ಬರೆಯುವಾಗ, ಅದರ ಮೌಖಿಕ ಪರೀಕ್ಷೆಗೆ ಕೂರುವಾಗ. ಆದರೆ ಅಲ್ಲಿ ಕಾಣುವುದೇ ಬೇರೆ. ಆ ಪರೀಕ್ಷೆಯಲ್ಲಿ ಸೋಲುವುದು ಯಾವ ಭಾಷೆಯಲ್ಲಿಯೂ ಸ್ವಂತ ಮಾತಾಡಿ ಅಭ್ಯಾಸವಿಲ್ಲದ ವಿದ್ಯಾರ್ಥಿ. ಅಂಥ ವಿದ್ಯಾರ್ಥಿಯನ್ನು ನಾವೇ ಹಣ ಕೊಟ್ಟು ತಯಾರಿಸುತ್ತಿದ್ದೇವೆ ಎಂಬುದು ನನ್ನ ದೂರು.

ಇಂಗ್ಲಿಷ್ ಕಲಿಸುವುದೇ ನನ್ನ ಕಸುಬು. ಅದರ ಭಾಗವಾಗಿ ಎಂ.ಎ. ಸಂಪ್ರಬಂಧಗಳನ್ನು ತಿದ್ದಿದ್ದೇನೆ, ಮೌಖಿಕ ಪರೀಕ್ಷೆಯ ಮೇಜಿನ ಎರಡೂ ಬದಿಗಳಲ್ಲಿ ಕುಳಿತಿದ್ದೇನೆ. ಆದ್ದರಿಂದ ಇಲ್ಲಿ ಹೇಳುತ್ತಿರುವುದನ್ನು ಭಾಷಾಭಿಮಾನದ ಭಾಷಣವೆಂದು ಬದಿಗೆ ಸರಿಸದೆ ಓದಬೇಕೆಂದು ವಿನಂತಿ.

ಸಂಪ್ರಬಂಧ, ಅಂದರೆ ಮಕ್ಕಳು ಡಿಸರ್ಟೇಶನ್ ಎಂದು ಕರೆಯುವ ಆ ಪುಸ್ತಕ, ಮನೆಗೆ ಬಂದಾಗ ನಾವು ನೋಡುವುದು ಅದರ ರಟ್ಟಿನ ಹೊದಿಕೆಯನ್ನು, ಬಂಗಾರದ ಅಕ್ಷರಗಳನ್ನು. ಒಳಗೆ ನಡೆದಿರುವುದೇನು? ಎಂ.ಎ.ಯ ಕೊನೆಯ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಯು ಒಂದೋ ಎರಡೋ ಕೃತಿಗಳನ್ನು ಆರಿಸಿಕೊಳ್ಳುತ್ತಾನೆ. ಒಬ್ಬ ಮಾರ್ಗದರ್ಶಕರು ಸಿಗುತ್ತಾರೆ. ಮೊದಲ ದಿನ ಹೆಚ್ಚಿನವರು ತರುವುದು ಒಂದು ಶೀರ್ಷಿಕೆಯನ್ನು: ಇಂಥವರ ಕಾದಂಬರಿಗಳಲ್ಲಿ ಸ್ತ್ರೀ, ಇಂಥವರ ನಾಟಕಗಳಲ್ಲಿ ಸಮಾಜ. ಇವು ವಿಷಯಗಳೇ ಹೊರತು ಪ್ರಶ್ನೆಗಳಲ್ಲ. ಪ್ರಶ್ನೆ ಎಂದರೆ ಹೀಗಿರುತ್ತದೆ: ಚಿನುವಾ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಬಹುತೇಕ ಒಕೊಂಕ್ವೊನ ಊರಿನವರ ಕಣ್ಣಿನಿಂದಲೇ ಕಥೆ ಹೇಳುತ್ತ ಬಂದು, ಕೊನೆಯ ಪ್ಯಾರಾದಲ್ಲಿ ಇದ್ದಕ್ಕಿದ್ದಂತೆ ಬಿಳಿಯ ಅಧಿಕಾರಿಯ ತಲೆಯೊಳಗೆ ಹೊಕ್ಕು, ಆ ಮಹಾಮನುಷ್ಯನ ಬದುಕಿಗೆ ತನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಸಾಕೇನೋ ಎಂದು ಅವನು ಲೆಕ್ಕ ಹಾಕುವಲ್ಲಿ ಮುಗಿಯುತ್ತದಲ್ಲ, ಅದೇಕೆ? ಈ ಪ್ರಶ್ನೆಯನ್ನು ಕೇಳಲು ದೊಡ್ಡ ಇಂಗ್ಲಿಷು ಬೇಡ. ಓದುವಾಗ ಒಂದು ಕ್ಷಣ ನಿಂತು "ಅರೆ!" ಎನ್ನುವ ಮನಸ್ಸು ಬೇಕು. ಆ "ಅರೆ" ಯಾವ ಭಾಷೆಯಲ್ಲಿ ಹುಟ್ಟಿತು ಎಂದು ಪರೀಕ್ಷಕರು ಯಾರೂ ಕೇಳುವುದಿಲ್ಲ.

ಪ್ರಶ್ನೆ ಸಿಕ್ಕಿದ ಮೇಲೆ ಓದು, ಟಿಪ್ಪಣಿ, ಕರಡು. ವಿಮರ್ಶಕರಲ್ಲಿ ಒಬ್ಬರು ಒಂದು ಹೇಳಿದ್ದರೆ ಇನ್ನೊಬ್ಬರು ಅದಕ್ಕೆ ವಿರುದ್ಧವಾದುದನ್ನು ಹೇಳಿರುತ್ತಾರೆ. ಇಬ್ಬರ ನಡುವೆ ತಾನೆಲ್ಲಿ ನಿಲ್ಲುತ್ತೇನೆಂದು ವಿದ್ಯಾರ್ಥಿ ತೀರ್ಮಾನಿಸಬೇಕು. ಮೊದಲ ಕರಡು ಕೆಂಪು ಶಾಯಿಯಲ್ಲಿ ಮಿಂದು ಮರಳುತ್ತದೆ. ಎರಡನೆಯದೂ ಹಾಗೆಯೇ. ಎಂ.ಎಲ್.ಎ. ಪದ್ಧತಿಯಂತೆ ಆಕರಗಳನ್ನು ಸೂಚಿಸುವುದು, ಅಲ್ಪವಿರಾಮ ಎಲ್ಲಿ, ಓರೆ ಅಕ್ಷರ ಎಲ್ಲಿ ಎಂಬುದು, ವಾರದಲ್ಲಿ ಕಲಿಯಬಹುದಾದ ಯಾಂತ್ರಿಕ ಕೆಲಸ. ಅದನ್ನೇ ವಿದ್ವತ್ತೆಂದು ತಿಳಿದವರೂ ಇದ್ದಾರೆ, ಇರಲಿ. ಆಮೇಲೆ ಕೃತಿಚೌರ್ಯದ ತಪಾಸಣೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ ಬೇರೆಡೆಯ ಬರವಣಿಗೆಯೊಂದಿಗೆ ನೂರಕ್ಕೆ ಹತ್ತರವರೆಗಿನ ಹೋಲಿಕೆಗೆ ದಂಡವಿಲ್ಲ. ಅದನ್ನು ಮೀರಿದರೆ ಹಂತಹಂತವಾಗಿ ಕ್ರಮವಿದೆ. ಅಂದರೆ ಪುಸ್ತಕದ ಬಹುಪಾಲು ವಾಕ್ಯಗಳು ಬರೆದವನ ಸ್ವಂತದ್ದಾಗಿರಬೇಕು. ಸ್ವಂತ ವಾಕ್ಯ! ಹನ್ನೆರಡು ವರ್ಷ ನೋಟ್ಸು ಉರುಹೊಡೆದ ಮಗು ಮೊದಲ ಬಾರಿಗೆ ಎಡವುವುದು ಈ ಎರಡು ಪದಗಳ ಮುಂದೆ.

ಈಗ ಮೌಖಿಕ ಪರೀಕ್ಷೆಗೆ ಬನ್ನಿ. ಮಕ್ಕಳ ಭಾಷೆಯಲ್ಲಿ ವೈವಾ. ಒಂದು ಕೋಣೆ, ಹೊರಗಿನಿಂದ ಬಂದ ಒಬ್ಬ ಪರೀಕ್ಷಕರು, ವಿಭಾಗದ ಒಬ್ಬಿಬ್ಬರು, ಮೇಜಿನ ಮೇಲೆ ಆ ರಟ್ಟಿನ ಪುಸ್ತಕ. ಅಲ್ಲಿ ಕೇಳುವ ಪ್ರಶ್ನೆಗಳನ್ನು ಹೆತ್ತವರಾದ ನೀವೊಮ್ಮೆ ಕೇಳಬೇಕು. ಈ ಕೃತಿಯನ್ನೇ ಏಕೆ ಆರಿಸಿದಿರಿ? ನಿಮ್ಮ ವಾದವನ್ನು ಎರಡು ವಾಕ್ಯಗಳಲ್ಲಿ ಹೇಳಿ. ಎರಡನೆಯ ಅಧ್ಯಾಯದಲ್ಲಿ ಈ ವಿಮರ್ಶಕರನ್ನು ಒಪ್ಪಿದ್ದೀರಿ, ನಾಲ್ಕನೆಯದರಲ್ಲಿ ಅವರ ಮಾತಿಗೆ ವಿರುದ್ಧವಾಗಿ ಬರೆದಿದ್ದೀರಿ. ಯಾವುದು ನಿಮ್ಮ ನಿಲುವು? ಮೂವತ್ತೆರಡನೆಯ ಪುಟದ ಈ ಪದಕ್ಕೆ ನೀವು ಕೊಡುವ ಅರ್ಥವೇನು? ನಿಮ್ಮ ವಾದಕ್ಕೆ ಹೊಂದದ ಒಂದು ಸನ್ನಿವೇಶ ಇದೇ ಕಾದಂಬರಿಯಲ್ಲಿದೆ, ಗಮನಿಸಿದ್ದೀರಾ?

ಈ ಪ್ರಶ್ನೆಗಳಿಗೆ ನಿರರ್ಗಳವಾದ ಇಂಗ್ಲಿಷು ಉತ್ತರವಾಗುವುದಿಲ್ಲ. ಮುದ್ದಾದ ಉಚ್ಚಾರಣೆಯಲ್ಲಿ ಎರಡು ನಿಮಿಷ ಏನನ್ನೂ ಹೇಳದೆ ಮಾತಾಡಿದ ವಿದ್ಯಾರ್ಥಿಯ ಮುಖವನ್ನು ಪರೀಕ್ಷಕರು ಸುಮ್ಮನೆ ನೋಡುತ್ತ ಕೂರುವುದನ್ನು ನಾನು ಕಂಡಿದ್ದೇನೆ. ತಡವರಿಸುತ್ತ, ಕಾಲಸೂಚಕ ಕ್ರಿಯಾಪದವನ್ನು ತಪ್ಪಾಗಿ ಬಳಸುತ್ತ, ಆದರೆ "ಇಲ್ಲ ಸರ್, ಆ ಸನ್ನಿವೇಶ ನನ್ನ ವಾದಕ್ಕೆ ವಿರುದ್ಧವಲ್ಲ, ಏಕೆಂದರೆ" ಎಂದು ಆರಂಭಿಸಿದ ಹುಡುಗಿಯ ಕಡೆಗೆ ಅದೇ ಪರೀಕ್ಷಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗುವುದನ್ನೂ ಕಂಡಿದ್ದೇನೆ. "ಏಕೆಂದರೆ" ಎನ್ನಲು ಅವಳು ಎಲ್ಲಿ ಕಲಿತಳು? ಎಂ.ಎ. ತರಗತಿಯಲ್ಲಿ ಅಲ್ಲ. ಐದನೆಯ ಆರನೆಯ ತರಗತಿಯಲ್ಲಿ, ತನಗೆ ಅರ್ಥವಾಗುವ ಭಾಷೆಯಲ್ಲಿ, ಟೀಚರರ ಮಾತಿಗೆ ಎದುರು ಪ್ರಶ್ನೆ ಕೇಳಿ.

ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲಿಯೇ ಈ ಎರಡು ಸಾಮರ್ಥ್ಯಗಳನ್ನು ಬೇರ್ಪಡಿಸಿ ತೋರಿಸಿದರು. ದಿನಬಳಕೆಯ ಮಾತಿನ ಸರಾಗ ಒಂದು. ಓದಿದ್ದನ್ನು ವಿಂಗಡಿಸಿ, ಹೋಲಿಸಿ, ಕಾರಣ ಕೊಟ್ಟು ಹೇಳುವ ಶೈಕ್ಷಣಿಕ ಭಾಷಾಶಕ್ತಿ ಇನ್ನೊಂದು. ಮೊದಲನೆಯದು ಬೇಗ ಬರುತ್ತದೆ, ಎರಡನೆಯದು ವರ್ಷಗಳನ್ನು ಬೇಡುತ್ತದೆ. ಒಂದು ಭಾಷೆಯಲ್ಲಿ ಗಟ್ಟಿಯಾದ ಈ ಎರಡನೆಯ ಶಕ್ತಿ ಇನ್ನೊಂದು ಭಾಷೆಗೂ ದಾಟುತ್ತದೆ ಎಂಬುದು ಅವರ ವಾದದ ಜೀವಾಳ. ನಾವು ಶುಲ್ಕ ಕಟ್ಟಿ ಕೊಳ್ಳುತ್ತಿರುವುದು ಮೊದಲನೆಯದನ್ನು. ವೈವಾದಲ್ಲಿ ಕೇಳುವುದು ಎರಡನೆಯದನ್ನು.

ನಮ್ಮ ಊರುಗಳಲ್ಲಿ ಇಂಗ್ಲಿಷ್ ಮಾಧ್ಯಮ ಎಂಬ ಹಲಗೆಯ ಹಿಂದೆ ಏನು ನಡೆಯುತ್ತಿದೆ ಎಂದು ಯಾರಾದರೂ ಒಂದು ದಿನ ತರಗತಿಯ ಹೊರಗೆ ನಿಂತು ಕೇಳಿದ್ದೀರಾ? ಪಾಠ ಪುಸ್ತಕದಲ್ಲಿ ಇಂಗ್ಲಿಷು. ವಿವರಣೆ ಮಲಯಾಳದಲ್ಲೋ ಕನ್ನಡದಲ್ಲೋ ಎರಡನ್ನೂ ಕಲಸಿದ್ದರಲ್ಲೋ. ಉತ್ತರ ಮಾತ್ರ ಮತ್ತೆ ಇಂಗ್ಲಿಷು, ಅದೂ ಬೋರ್ಡಿನಿಂದ ನಕಲು ಮಾಡಿಕೊಂಡದ್ದು. ತಾಳವಾಡಿಯಲ್ಲಾದರೆ ನಡುವೆ ತಮಿಳು, ಅಕ್ಕಲಕೋಟೆಯಲ್ಲಾದರೆ ಮರಾಠಿ, ಮಡಕಶಿರದಲ್ಲಾದರೆ ತೆಲುಗು. ಎಲ್ಲ ಶಾಲೆಗಳೂ ಹೀಗೆ ಎನ್ನುತ್ತಿಲ್ಲ. ಒಳ್ಳೆಯ ಇಂಗ್ಲಿಷ್ ಶಾಲೆಗಳಿವೆ, ಅವುಗಳ ಶುಲ್ಕ ನಮ್ಮಲ್ಲಿ ಹೆಚ್ಚಿನವರ ಕೈಗೆ ಎಟುಕುವುದಲ್ಲ. ನಮಗೆ ಎಟುಕುವ ಶಾಲೆಯಲ್ಲಿ ಮಗು ತನ್ನದಲ್ಲದ ಭಾಷೆಯ, ತನ್ನದಲ್ಲದ ವಾಕ್ಯವನ್ನು, ತನಗೆ ಅರ್ಥವಾಗುವ ಮುನ್ನವೇ ಬರೆದಿಡುವುದನ್ನು ಹತ್ತು ವರ್ಷ ಅಭ್ಯಾಸ ಮಾಡುತ್ತದೆ. ಅಂಥ ಹತ್ತು ವರ್ಷಗಳ ಅಭ್ಯಾಸದ ಮೇಲೆ ಸ್ವಂತ ವಾಕ್ಯಗಳ ಅರುವತ್ತು ಪುಟ ಬರೆ ಎಂದರೆ ಅದು ಬೇರೆಯವರ ಪುಟಗಳಿಂದ ಬಾಚಿಕೊಳ್ಳದೆ ಇನ್ನೇನು ಮಾಡೀತು?

ಇದರ ಮೇಲೆ ಈಗ ಯಂತ್ರವೊಂದು ಬಂದಿದೆ. ಮೊಬೈಲಿನಲ್ಲಿ ನಾಲ್ಕು ಪದ ಒತ್ತಿದರೆ ವ್ಯಾಕರಣದೋಷವಿಲ್ಲದ ಇಂಗ್ಲಿಷಿನ ನಾಲ್ಕು ಪುಟ ಸಿದ್ಧ. ಯಾವ "ತಪ್ಪಿಲ್ಲದ ಇಂಗ್ಲಿಷಿ"ಗಾಗಿ ನಾವು ಕನ್ನಡ ಶಾಲೆಯ ಬೆಂಚನ್ನು ಬರಿದು ಮಾಡಿದೆವೋ ಅದು ಪೇಟೆಯಲ್ಲಿ ಇಂದು ಅತ್ಯಂತ ಅಗ್ಗದ ಸರಕು. ಅಗ್ಗವಾದಷ್ಟೂ ಸಂಪ್ರಬಂಧದ ಪುಟಗಳ ಮೇಲೆ ಪರೀಕ್ಷಕರ ನಂಬಿಕೆ ಕಡಿಮೆಯಾಗುತ್ತದೆ, ಎದುರಿಗೆ ಕೂರಿಸಿ ಕೇಳುವ ಇಪ್ಪತ್ತು ನಿಮಿಷಗಳ ಬೆಲೆ ಏರುತ್ತದೆ. ಅಲ್ಲಿ ಯಂತ್ರ ಪಕ್ಕದಲ್ಲಿ ಕೂರುವುದಿಲ್ಲ.

ಕನ್ನಡದಲ್ಲಿ ಬೆಳೆದ ಓದು ಇಂಗ್ಲಿಷ್ ಸಾಹಿತ್ಯದ ಅಧ್ಯಯನಕ್ಕೆ ತೊಡಕಲ್ಲ ಎಂದಷ್ಟೇ ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದಂತೆ. ಅದು ಬಂಡವಾಳ. ಒಂದು ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ರಾಜಾರಾಯರ 'ಕಾಂತಪುರ' 1938ರಲ್ಲಿ ಪ್ರಕಟವಾದ ಇಂಗ್ಲಿಷ್ ಕಾದಂಬರಿ. ಭಾರತೀಯ ಇಂಗ್ಲಿಷ್ ಸಾಹಿತ್ಯದ ಪಠ್ಯಕ್ರಮಗಳಲ್ಲಿ ಅದಕ್ಕೆ ಕಾಯಂ ಸ್ಥಾನ. ರಾಜಾರಾಯರು ಹಾಸನದಲ್ಲಿ ಹುಟ್ಟಿದವರು, ಆರಂಭದಲ್ಲಿ ಕನ್ನಡದಲ್ಲಿಯೂ ಬರೆದವರು. ಕಾದಂಬರಿಯ ಊರು ಅರಬ್ಬೀ ಸಮುದ್ರದ ಕಡೆಗೆ ಮುಖ ಮಾಡಿದ ಘಟ್ಟದ ಮೇಲಿನದು. ಏಲಕ್ಕಿ ಕಾಫಿಗಳ ಗಾಡಿಗಳು ಸಾಗುವ ಊರು. ಕೆಂಚಮ್ಮ ಅದರ ದೇವತೆ. ಕಥೆ ಹೇಳುವವಳು ಅಚ್ಚಕ್ಕ ಎಂಬ ಮುದುಕಿ. ಆ ಊರಿನ ಜನರ ಹೆಸರುಗಳನ್ನು ಗಮನಿಸಿ: ಕಾರ್ನರ್‌ಹೌಸ್ ಮೂರ್ತಿ, ಫ್ರಂಟ್‌ಹೌಸ್ ಅಕ್ಕಮ್ಮ, ಟೆಂಪಲ್ ರಂಗಪ್ಪ, ವಾಟರ್‌ಫಾಲ್ ವೆಂಕಮ್ಮ. ಕನ್ನಡ ಬಾರದ ಓದುಗನಿಗೆ ಇದು ವಿಚಿತ್ರ ಹಾಸ್ಯ. ಮುದ್ರಿತ ಗೈಡುಗಳು ಇದನ್ನು "ಸ್ಥಳೀಯ ಬಣ್ಣ" ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುತ್ತವೆ. ನಮ್ಮ ಬದಿಯಡ್ಕದ, ಪೈವಳಿಕೆಯ ಮಗುವಿಗೆ? ಮನುಷ್ಯನನ್ನು ಅವನ ಮನೆಯ ನೆಲೆಯಿಂದ ಗುರುತಿಸುವುದು ಅದಕ್ಕೆ ಉಸಿರಾಟದಷ್ಟು ಸಹಜ. ಮೂಲೆಮನೆ, ಮೇಲಿನಮನೆ, ಗುಡ್ಡೆಮನೆ ಎಂದೇ ನಾವು ಜನರನ್ನು ಕರೆಯುವುದು. ಆದ್ದರಿಂದ ಆ ಮಗು ಕೇಳಬಲ್ಲ ಪ್ರಶ್ನೆ ಬೇರೆಯೇ ಆಗುತ್ತದೆ: ಮನೆಯ ನೆಲೆಯೇ ಹೆಸರಾಗಿರುವ ಸಮಾಜದಲ್ಲಿ, ಗಾಂಧಿಯ ಹೆಸರಿನಲ್ಲಿ ಮನೆಮನೆಯ ಹೊಸ್ತಿಲು ದಾಟಿ, ಜಾತಿಯ ಗೆರೆಯನ್ನೂ ದಾಟಿ ಹೋಗುವ ಮೂರ್ತಿ ತನ್ನ ಹೆಸರಿನಿಂದಲೂ ಹೊರಬೀಳುತ್ತಾನೆಯೇ?

ಇದು ಸಂಪ್ರಬಂಧಕ್ಕೆ ಯೋಗ್ಯವಾದ ಪ್ರಶ್ನೆ. ಇನ್ನೂ ಮುಂದೆ ಹೋಗಬಹುದು. ಅಚ್ಚಕ್ಕನ ವಾಕ್ಯಗಳು ಇಂಗ್ಲಿಷ್ ವಾಕ್ಯಗಳ ಹಾಗೆ ನಡೆಯುವುದಿಲ್ಲ. ಕ್ರಿಯಾಪದ ಹಿಂದುಮುಂದಾಗುತ್ತದೆ, ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ವಾಕ್ಯ ಉದ್ದಕ್ಕೂ ಸಾಗುತ್ತದೆ. ತನ್ನದಲ್ಲದ ಭಾಷೆಯಲ್ಲಿ ತನ್ನ ಚೈತನ್ಯವನ್ನು ಹೇಳಬೇಕಾದ ಕಷ್ಟವನ್ನು ರಾಜಾರಾಯರು ಮುನ್ನುಡಿಯಲ್ಲಿಯೇ ಚರ್ಚಿಸಿದ್ದಾರೆ. ಸ್ಥಳಪುರಾಣದ ಮಾತನ್ನೂ ಎತ್ತಿದ್ದಾರೆ. ಆದರೆ ಯಾವ ವಾಕ್ಯದ ಅಡಿಯಲ್ಲಿ ಯಾವ ಕನ್ನಡ ಮಲಗಿದೆ ಎಂದು ಬೆರಳಿಟ್ಟು ತೋರಿಸಬೇಕಾದರೆ ಓದುವವನಿಗೆ ಕನ್ನಡ ಗೊತ್ತಿರಬೇಕು. ಬರಿಯ ಮನೆಮಾತಿನ ಕನ್ನಡ ಸಾಲದು. ಓದಿದ ಕನ್ನಡ ಬೇಕು, ಸಂಧಿ ಸಮಾಸ ಕಾರಕಗಳನ್ನು ಶಾಲೆಯಲ್ಲಿ ಕಲಿತ ಕನ್ನಡ ಬೇಕು. ಹರಿಕಥೆಯೋ ತಾಳಮದ್ದಳೆಯೋ ಕಿವಿಯ ಮೇಲೆ ಬಿದ್ದಿರಬೇಕು. ಜಯರಾಮಾಚಾರ್ಯನ ಹರಿಕಥೆ ಗಾಂಧಿಕಥೆಯಾಗಿ ತಿರುಗುವ ಸನ್ನಿವೇಶವನ್ನು, ಪುರಾಣದ ಪ್ರಸಂಗದೊಳಗೆ ಇಂದಿನ ರಾಜಕಾರಣವನ್ನು ನುಸುಳಿಸುವ ಅರ್ಥಧಾರಿಯನ್ನು ಕೇಳಿ ಬೆಳೆದ ಮಗುವಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇದೇ ಮಗು ಆರನೆಯ ತರಗತಿಯಲ್ಲಿ ಕನ್ನಡ ಬಿಟ್ಟಿದ್ದರೆ? ಅದೇ ಘಟ್ಟದ ಅಡಿಯಲ್ಲಿ ಬೆಳೆದು, ಅದೇ ಹೆಸರುಗಳ ನಡುವೆ ಬೆಳೆದು, ಗೈಡಿನ "ಸ್ಥಳೀಯ ಬಣ್ಣ"ವನ್ನು ನಕಲು ಮಾಡಿ ಬರುತ್ತಿತ್ತು. ಬರುತ್ತಿದೆ. ನಾನು ತಿದ್ದುವ ಕರಡುಗಳಲ್ಲಿ ಅದು ಬರುತ್ತಲೇ ಇದೆ.

ಎ.ಕೆ. ರಾಮಾನುಜನ್ ಅನಂತಮೂರ್ತಿಯವರ 'ಸಂಸ್ಕಾರ'ವನ್ನು 1976ರಲ್ಲಿ ಇಂಗ್ಲಿಷಿಗೆ ತಂದಾಗ ಶೀರ್ಷಿಕೆಯ ಪದವನ್ನು ಅನುವಾದಿಸದೆ ಹಾಗೆಯೇ ಉಳಿಸಿ, ಸತ್ತವನೊಬ್ಬನಿಗಾಗಿ ಮಾಡುವ ಕರ್ಮ ಎಂಬರ್ಥದ ಉಪಶೀರ್ಷಿಕೆಯನ್ನು ಜೋಡಿಸಿದರು. ಆ ಉಪಶೀರ್ಷಿಕೆ 'ಸಂಸ್ಕಾರ' ಎಂಬ ಪದದ ಒಂದು ಅರ್ಥಕ್ಕೆ ಮಾತ್ರ ದೀಪ ಹಿಡಿಯುತ್ತದೆ. ಉಳಿದ ಅರ್ಥಗಳು ಕತ್ತಲಲ್ಲಿ ಉಳಿಯುತ್ತವೆಯೇ? ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಕೂರಬಲ್ಲ ವಿದ್ಯಾರ್ಥಿಗೆ ಮಾತ್ರ ಈ ಪ್ರಶ್ನೆ ದಕ್ಕುತ್ತದೆ. ನಮ್ಮ ಜಿಲ್ಲೆಯ ಪೆರಿಯದಲ್ಲಿಯೇ ಇರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ವಿಭಾಗದ ಹೆಸರೇ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ ವಿಭಾಗ. ತುಲನೆಗೆ ಎರಡು ತಟ್ಟೆ ಬೇಕಲ್ಲವೇ? ಒಂದು ತಟ್ಟೆಯನ್ನು ನಾವೇ ಕಿತ್ತೆಸೆದು ಮಗುವನ್ನು ಅಲ್ಲಿಗೆ ಕಳುಹಿಸಲು ಹೊರಟಿದ್ದೇವೆ.

ಇಲ್ಲಿ ದೊಡ್ಡವರ ಹೆಸರು ಹೇಳುವ ಚಪಲವಾಗುತ್ತದೆ. ಬಿ.ಎಂ. ಶ್ರೀಕಂಠಯ್ಯ, ಗೋಕಾಕ, ಅಡಿಗ, ಅನಂತಮೂರ್ತಿ, ಲಂಕೇಶ, ಎಲ್ಲರೂ ಇಂಗ್ಲಿಷ್ ಅಧ್ಯಾಪಕರು. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲಿಷ್ ಸಾಹಿತ್ಯದ ಸಂಶೋಧನೆ ಮಾಡುತ್ತಿದ್ದಾಗ. ಮುಂದೆ ಅವರು ಕೇರಳದ ಕೋಟ್ಟಯದಲ್ಲಿ ಕುಲಪತಿಗಳೂ ಆದರು. ನಮ್ಮ ಕೂಡ್ಲಿನವರೇ ಆದ ಕೆ.ಟಿ. ಗಟ್ಟಿಯವರು ಇಥಿಯೋಪಿಯಾದವರೆಗೆ ಹೋಗಿ ಇಂಗ್ಲಿಷ್ ಕಲಿಸಿದರು, ಕಾದಂಬರಿಗಳನ್ನು ಕನ್ನಡದಲ್ಲಿ ಬರೆದರು. ಆದರೆ ಈ ಪಟ್ಟಿಯಿಂದ ಏನನ್ನು ಸಾಧಿಸಬಹುದು, ಏನನ್ನು ಸಾಧಿಸಲಾಗದು ಎಂಬುದರಲ್ಲಿ ಪ್ರಾಮಾಣಿಕತೆ ಬೇಕು. ಶ್ರೀಕಂಠಯ್ಯನವರ ಕಾಲದಲ್ಲಿ ಪ್ರೌಢಶಾಲೆಯ ಪಾಠವೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿತ್ತು. ಅವರನ್ನು ಕನ್ನಡ ಮಾಧ್ಯಮದ ಸಾಕ್ಷಿಯಾಗಿ ವೇದಿಕೆಗೆ ಎಳೆದು ತರುವ ನಮ್ಮ ಭಾಷಣಕಾರರು ಇತಿಹಾಸವನ್ನು ತಿರುಚುತ್ತಾರೆ. ಈ ಹಿರಿಯರಿಂದ ಸಿದ್ಧವಾಗುವುದು ಇಷ್ಟೇ: ಇಂಗ್ಲಿಷ್ ವಿದ್ವತ್ತು ಬೆಳೆಯಲು ಕನ್ನಡ ಸಾಯಬೇಕಾಗಿಲ್ಲ. ಮಿಕ್ಕದ್ದನ್ನು ಸಾಮಾನ್ಯ ವಿದ್ಯಾರ್ಥಿಗಳ ಕರಡುಗಳೇ ಹೇಳಬೇಕು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಕಷ್ಟವಿಲ್ಲವೇ? ಇದೆ. ಕನ್ನಡದಲ್ಲಿ 'ಎ', 'ದಿ' ಎಂಬ ಉಪಪದಗಳಿಲ್ಲ, ಅವು ಎಂ.ಎ. ಮುಗಿದರೂ ಕಾಡುತ್ತವೆ. ನಮ್ಮ ವಿಭಕ್ತಿಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಇನ್, ಆನ್, ಅಟ್‌ಗಳು ಹಂಚಿಕೊಳ್ಳುತ್ತವೆ, ಯಾವುದು ಎಲ್ಲಿ ಎಂಬುದು ಬಳಕೆಯಿಂದಲೇ ಬರಬೇಕು. ಪ್ಲಸ್ ವನ್‌ಗೆ ಕಾಲಿಟ್ಟೊಡನೆ ಹೆಚ್ಚಿನ ಪಠ್ಯಪುಸ್ತಕಗಳು ಇಂಗ್ಲಿಷಾಗುವ ಆ ಮೊದಲ ಆರು ತಿಂಗಳು ನಿಜಕ್ಕೂ ಕಠೋರ. ಮಗು ಮನೆಗೆ ಬಂದು ಅಳುವುದುಂಟು. ಉಚ್ಚಾರಣೆಗೆ ಸಹಪಾಠಿಗಳು ನಗುವುದುಂಟು, ಕೆಲವೊಮ್ಮೆ ಅಧ್ಯಾಪಕರೂ ನಗುವುದುಂಟು, ಅವರಿಗೆ ನಾಚಿಕೆಯಾಗಬೇಕು. ಇವು ಯಾವುವೂ ಸಣ್ಣ ವಿಷಯಗಳಲ್ಲ. ಆದರೆ ಇವೆಲ್ಲ ತಿದ್ದಿ ಸರಿಪಡಿಸಬಹುದಾದ ಕೊರತೆಗಳು. ಕರಡಿನಲ್ಲಿ ಬಿಟ್ಟುಹೋದ 'ದಿ'ಯನ್ನು ನಾನು ಸೇರಿಸಿ ಕೊಡಬಲ್ಲೆ. ಇಲ್ಲದ ವಾದವನ್ನು ಎಲ್ಲಿಂದ ಸೇರಿಸಲಿ?

ಹಾಗಾದರೆ ಕನ್ನಡ ಮಾಧ್ಯಮದ ಎಲ್ಲ ಮಕ್ಕಳೂ ಹೀಗೆ ವಾದಿಸಬಲ್ಲರೇ ಎಂದು ನೀವು ಕೇಳುತ್ತೀರಿ. ಇಲ್ಲ. ಅದಕ್ಕೆ ಕಾರಣ ಕನ್ನಡವಲ್ಲ. ಕನ್ನಡ ಮಾಧ್ಯಮದ ಹೆಸರಿನಲ್ಲಿ ಕನ್ನಡವಿಲ್ಲದ ತರಗತಿ. ಕಾಸರಗೋಡಿನ ಹೆತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡ ತರಗತಿಗೆ ಕನ್ನಡ ಓದಲು ಬಾರದ ಅಧ್ಯಾಪಕರನ್ನು ನೇಮಿಸುವುದು, ನಾವು ಶಾಲೆಯ ಮುಂದೆ ಕುಳಿತು ಪ್ರತಿಭಟಿಸುವುದು, ಒಂದೆರಡು ತಿಂಗಳು ರಜೆ, ಮತ್ತೆ ನೇಮಕ: ಈ ಚಕ್ರವನ್ನು ನಾವು ಎಷ್ಟು ಬಾರಿ ಕಂಡಿಲ್ಲ? ಎಂಟನೆಯ ತರಗತಿಯ ಮಗು ಸಮಾಜವಿಜ್ಞಾನದ ಪಾಠದಲ್ಲಿ "ಏಕೆ" ಎಂದು ಕನ್ನಡದಲ್ಲಿ ಕೇಳಿದರೆ ಅಧ್ಯಾಪಕರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಎರಡು ಬಾರಿ ಕೇಳಿ ಮೂರನೆಯ ಬಾರಿ ಮಗು ಕೇಳುವುದನ್ನೇ ಬಿಡುತ್ತದೆ. ಸಂವಿಧಾನದ 350ಎ ವಿಧಿ, 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಬೇಕೆನ್ನುತ್ತದೆ. ಅರ್ಥವಾಗದ ಅಧ್ಯಾಪಕ ಯಾವ ಬಗೆಯ ಸೌಕರ್ಯ? ಈ ಅನ್ಯಾಯದ ಲೆಕ್ಕ ಆ ವರ್ಷದ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಪಾಸು ಹೆಚ್ಚಿನವರಿಗೆ ಸಿಗುತ್ತದೆ. ಅದು ಕಾಣುವುದು ಹತ್ತು ವರ್ಷಗಳ ನಂತರ, ವೈವಾ ಕೋಣೆಯಲ್ಲಿ, "ನಿಮ್ಮ ನಿಲುವೇನು" ಎಂದಾಗ ತಲೆ ತಗ್ಗಿಸುವ ಮಗುವಿನಲ್ಲಿ. ಅಷ್ಟು ಹೊತ್ತಿಗೆ ನಾವು ದೋಷವನ್ನು ಕನ್ನಡದ ಮೇಲೆ ಹೊರಿಸಿ ಆಗಿರುತ್ತದೆ.

ನಮ್ಮ ಮುಂದಾಳುಗಳ ಬಗ್ಗೆಯೂ ಒಂದು ಮಾತು. ನವೆಂಬರ್ ಒಂದರಂದು ಕಯ್ಯಾರರ ಹೆಸರೆತ್ತಿ ಕಣ್ಣೀರು ತರಿಸುವವರಲ್ಲಿ ಎಷ್ಟು ಮಂದಿಯ ಮೊಮ್ಮಕ್ಕಳು ಊರಿನ ಎಲ್.ಪಿ. ಶಾಲೆಯಲ್ಲಿದ್ದಾರೆ ಎಂದು ಕೇಳಿ ನೋಡಿ. ಅವರು ಇಂಗ್ಲಿಷ್ ಬೇಡವೆಂದು ನಮಗೆ ಉಪದೇಶಿಸುತ್ತಾರೆ, ತಮ್ಮ ಮನೆಯ ಮಕ್ಕಳನ್ನು ಮಂಗಳೂರಿನ ಇಂಗ್ಲಿಷ್ ಶಾಲೆಗೆ ಬಿಡುತ್ತಾರೆ. ನನ್ನ ವಾದ ಅವರದಲ್ಲ. ಇಂಗ್ಲಿಷ್ ಬೇಕು; ಚೆನ್ನಾಗಿ ಬೇಕು; ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ, ಅದನ್ನು ಕಲಿಸಲು ಬಲ್ಲ ಅಧ್ಯಾಪಕರಿಂದ ಬೇಕು. ಕಾಸರಗೋಡಿನಲ್ಲಿ ಹಲವರ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಎಂಬುದೂ ನಿಜ. ಅವರಿಗೆ ಕನ್ನಡವೂ ಶಾಲೆಯಲ್ಲಿ ಕಲಿತ ಭಾಷೆಯೇ. ಆದರೆ ಪೇಟೆಯಲ್ಲಿ, ಗುಡಿಯಲ್ಲಿ, ಪತ್ರಿಕೆಯಲ್ಲಿ, ಅಜ್ಜನ ಪುಸ್ತಕದ ಕಪಾಟಿನಲ್ಲಿ ಆ ಮಗುವಿನ ಸುತ್ತ ಇರುವುದು ಕನ್ನಡ. ಅದು ಕಲಿಯುವಾಗ ಹೊರಗೆ ಅದಕ್ಕೆ ಆಸರೆ ಸಿಗುತ್ತದೆ. ಇಂಗ್ಲಿಷಿಗೆ ಆ ಆಸರೆ ನಮ್ಮ ಯಾವ ಊರಿನಲ್ಲಿದೆ?

ಗಡಿಯ ಎಲ್ಲ ಕಡೆಗಳಲ್ಲೂ ಲೆಕ್ಕ ಒಂದೇ. ತಮಿಳುನಾಡು 2006ರಲ್ಲಿ, ಕೇರಳ 2017ರಲ್ಲಿ, ಮಹಾರಾಷ್ಟ್ರ 2020ರಲ್ಲಿ ತಮ್ಮ ಭಾಷೆಯನ್ನು ಶಾಲೆಗಳಲ್ಲಿ ಕಡ್ಡಾಯಗೊಳಿಸುವ ಕಾಯಿದೆ ಮಾಡಿದವು. ಆ ರಾಜ್ಯದ ಭಾಷೆ ಕಲಿಯುವುದು ತಪ್ಪಲ್ಲ, ಅದು ನೆರೆಯವರ ಭಾಷೆ; ಕಯ್ಯಾರ ಕಿಞ್ಞಣ್ಣ ರೈಗಳೇ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದವರು. ಆದರೆ ಪರಿಣಾಮ ನೋಡಿ: ರಾಜ್ಯದ ಭಾಷೆಯನ್ನು ಕಾನೂನು ಹಿಡಿದಿದೆ, ಇಂಗ್ಲಿಷನ್ನು ನಮ್ಮ ಭಯ ಹಿಡಿದಿದೆ. ಬಿಡಲು ಸ್ವಾತಂತ್ರ್ಯವಿರುವುದು ಕನ್ನಡವೊಂದನ್ನೇ, ಆದ್ದರಿಂದ ಅದನ್ನೇ ಬಿಡುತ್ತೇವೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕರ್ನಾಟಕ ಸರಕಾರದ ಭಾಷಾನೀತಿಯ ಮೊಕದ್ದಮೆಯಲ್ಲಿ, ಮಗುವಿನ ಶಿಕ್ಷಣ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ, ಆರಿಸುವ ಹಕ್ಕು ಹೆತ್ತವರದು ಎಂದಿತು. ತೀರ್ಪು ಕನ್ನಡದ ವಿರುದ್ಧ ಬಂದಿತೆಂದು ಆಗ ಹಲವರು ಅತ್ತರು. ಗಡಿಯಾಚೆಯ ನಮ್ಮ ಪಾಲಿಗೆ ಅದರ ಅರ್ಥ ಬೇರೆ: ಕನ್ನಡ ಮಾಧ್ಯಮವನ್ನು ಆರಿಸುವುದೂ ಹಕ್ಕೇ, ಆರಿಸದಿದ್ದರೆ ಹೊಣೆಯೂ ನಮ್ಮದೇ.

ಆದ್ದರಿಂದ ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಯುವಜನೋತ್ಸವದ ಚಂದಾ ಲೆಕ್ಕ ಮುಗಿದ ಮೇಲೆ ಎದ್ದು ನಿಂತು ಕೇಳಿ. ಕನ್ನಡ ತರಗತಿಗೆ ಬರುವ ಪ್ರತಿಯೊಬ್ಬ ಅಧ್ಯಾಪಕರು ಕನ್ನಡ ಓದಿ ಬರೆಯಬಲ್ಲರೇ? ಇಲ್ಲವಾದರೆ ಯಾರಿಗೆ, ಎಂದು, ಲಿಖಿತವಾಗಿ ದೂರು ಹೋಗಿದೆ? ಪ್ರತಿ ಕೈಯಲ್ಲಿದೆಯೇ? ಇಂಗ್ಲಿಷ್ ಪಾಠದ ಅವಧಿಯಲ್ಲಿ ಮಕ್ಕಳು ಬೋರ್ಡಿನಿಂದ ಬರೆದುಕೊಳ್ಳುವುದು ಎಷ್ಟು, ತಾವೇ ಮಾತಾಡುವುದು ಎಷ್ಟು? ಶಾಲೆಯ ಪುಸ್ತಕದ ಬೀರುವಿನ ಬೀಗ ವಾರಕ್ಕೆ ಎಷ್ಟು ಬಾರಿ ತೆರೆಯುತ್ತದೆ? ಮನೆಯಲ್ಲಿ ನೀವು ಮಾಡಬಹುದಾದದ್ದು ಇನ್ನೂ ಸುಲಭ. ರಾತ್ರಿ ಊಟಕ್ಕೆ ಮೊದಲು ಅಂದಿನ ಪಾಠವನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಲು ಮಗುವನ್ನು ಕೇಳಿ. ಹೇಳಿದ್ದಕ್ಕೆ ಒಂದು "ಏಕೆ" ಸೇರಿಸಿ. ಉತ್ತರ ತಪ್ಪಾದರೆ ಬೈಯಬೇಡಿ. ಮಗು ನಿಮ್ಮ ಮಾತನ್ನೇ ಅಲ್ಲವೆಂದರೆ ಅಂತೂ ಖಂಡಿತ ಬೈಯಬೇಡಿ.

ಕೇರಳದಲ್ಲಿ ಶಾಲೆ ತೆರೆಯುವುದು ಜೂನಿನಲ್ಲಿ. ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಡಿವಿಷನ್ ಉಳಿಯುತ್ತದೆ ಅಥವಾ ಬೀಳುತ್ತದೆ, ಡಿವಿಷನ್ ಬಿದ್ದರೆ ಅಧ್ಯಾಪಕರ ಹುದ್ದೆಯೂ ಬೀಳುತ್ತದೆ. ಒಂದೆರಡು ಮಕ್ಕಳ ಕೊರತೆಗೆ ಬಿದ್ದ ಕನ್ನಡ ಡಿವಿಷನ್‌ಗಳನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ. ಮಗುವಿನ ವರ್ಗಾವಣೆ ಪತ್ರಕ್ಕೆ ಅರ್ಜಿ ಬರೆದಿಟ್ಟುಕೊಂಡು ಎಂ.ಎ.ಯ ಚಿಂತೆಯಲ್ಲಿರುವವರು, ಆ ಆರನೆಯ ದಿನಕ್ಕೆ ಮೊದಲು ನಿಮ್ಮ ಸಮೀಪದ ಕಾಲೇಜಿನ ಇಂಗ್ಲಿಷ್ ವಿಭಾಗಕ್ಕೆ ಹೋಗಿ, ಕಳೆದ ವರ್ಷದ ಸಂಪ್ರಬಂಧಗಳನ್ನು ತೋರಿಸಿ ಎಂದು ಕೇಳಿ. ಕಪಾಟಿನಲ್ಲಿ ಸಾಲಾಗಿ ಇಟ್ಟಿರುತ್ತಾರೆ. ಅವುಗಳಲ್ಲಿ ಯಾವುದರ ವೈವಾ ಚೆನ್ನಾಗಿ ನಡೆಯಿತು, ಅದನ್ನು ಬರೆದ ಮಗು ಯಾವ ಶಾಲೆಯಿಂದ ಬಂದದ್ದು ಎಂದು ಅಲ್ಲಿಯವರನ್ನೇ ವಿಚಾರಿಸಿ.